ಗೃಹಾಸ್ತಿಯ ಆದಾಯ

ಭಾರತದ ಆದಾಯ ತೆರಿಗೆ ಶಾಸನದಲ್ಲಿ, ಕಟ್ಟಡ ಹಾಗೂ ಅದಕ್ಕೆ ಹೊಂದಿಕೊಂಡ ನೆಲದ ಒಡೆತನದಿಂದ ಲಭಿಸುವುದೆಂದು ಪರಿಗಣಿತವಾದ ವರಮಾನ. 1961ರ ಅಧಿನಿಯಮದ 22ರಿಂದ 27ನೆಯ ಪ್ರಕರಣಗಳಲ್ಲಿ ನಿರೂಪಿತವಾಗಿ, 2025ರ ಹೊಸ ಅಧಿನಿಯಮದಲ್ಲಿಯೂ ಉಳಿದುಬಂದಿರುವ ಈ ಶೀರ್ಷಿಕೆಯ ವೈಶಿಷ್ಟ್ಯವೇನೆಂದರೆ, ಇಲ್ಲಿ ತೆರಿಗೆಗೆ ಆಧಾರವಾದದ್ದು ಕೈಗೆ ಬಂದ ಬಾಡಿಗೆಯಷ್ಟೇ ಅಲ್ಲ, ಆ ಮನೆ ನ್ಯಾಯವಾಗಿ ತರಬಹುದಾದ ಬಾಡಿಗೆಯನ್ನೂ ಒಳಗೊಂಡ ‘ವಾರ್ಷಿಕ ಮೌಲ್ಯ’ವೆಂಬ ಕಲ್ಪನೆ. ಬರಿಯ ಖಾಲಿ ನಿವೇಶನದ ಬಾಡಿಗೆ ಇದಕ್ಕೆ ಸೇರದು.

ತಿಂಗಳಿಗೆ 20,000 ರೂಪಾಯಿಯಂತೆ ವರ್ಷಕ್ಕೆ 2,40,000 ರೂಪಾಯಿ ತರುವ ಮನೆಗೆ ಮಾಲೀಕನೇ ಆ ವರ್ಷದೊಳಗೆ 10,000 ರೂಪಾಯಿ ಮನೆಗಂದಾಯ ಕಟ್ಟಿದ್ದರೆ, ಉಳಿದ 2,30,000ದಲ್ಲಿ ನೂರಕ್ಕೆ 30ರಂತೆ 69,000 ವಜಾ ಆಗಿ, 1,61,000 ರೂಪಾಯಿ ಲೆಕ್ಕಕ್ಕೆ ಬರುತ್ತದೆ. ಗೃಹಸಾಲದ ಬಡ್ಡಿಯಿದ್ದರೆ ಅದನ್ನೂ ಕಳೆಯತಕ್ಕದ್ದು. ನೂರಕ್ಕೆ 30ರ ಈ ವಜಾ, ದುರಸ್ತಿಗೆಂದು ವರ್ಷವಿಡೀ ಒಂದು ಹೆಂಚನ್ನೂ ಬದಲಿಸದವನಿಗೂ, ಸೋರುವ ತಾರಸಿಗೆ ಅದರ ಇಮ್ಮಡಿ ಸುರಿದವನಿಗೂ ಒಂದೇ. ಲೆಕ್ಕ ಸುಲಭವಾಯಿತು, ನ್ಯಾಯ ತುಸು ಒರಟಾಯಿತು ಎನ್ನದೆ ವಿಧಿಯಿಲ್ಲ.

ಮಾರಾಟದ ಲಾಭ ಬೇರೆ ಶೀರ್ಷಿಕೆಯದು. 24 ತಿಂಗಳಿಗೂ ಮೀರಿ ಇರಿಸಿಕೊಂಡ ಆಸ್ತಿಯ ಲಾಭಕ್ಕೆ 2024ರ ಜುಲೈ 23ರಿಂದ ನೂರಕ್ಕೆ 12.5ರ ದರವಿದೆ, ಅದಕ್ಕೆ ಮುನ್ನವೇ ಕೊಂಡಿದ್ದ ನಿವಾಸಿ ವ್ಯಕ್ತಿಗಳೂ ಅವಿಭಕ್ತ ಹಿಂದೂ ಕುಟುಂಬಗಳೂ, ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ 20ರ ದರದಲ್ಲಿ ಎಣಿಸಿ, ಯಾವುದು ಕಡಿಮೆಯೋ ಅದನ್ನು ತೆರಬಹುದು. ವಾಸದ ಮನೆ ಮಾರಿದ ವ್ಯಕ್ತಿ ಎರಡು ವರ್ಷದೊಳಗೆ ಇನ್ನೊಂದನ್ನು ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ, ಹಾಗೆ ತೊಡಗಿಸಿದ ಲಾಭದ ಮಟ್ಟಿಗೆ ನಿಯಮಾನುಸಾರ ವಿನಾಯಿತಿಯುಂಟು.