ಮಹಿಳೆಯರಲ್ಲಿ ಜಿ6ಪಿಡಿ ಕೊರತೆಯ ಪರೀಕ್ಷೆ

ಗ್ಲುಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ (ಜಿ6ಪಿಡಿ) ಕೆಂಪು ರಕ್ತಕಣಗಳನ್ನು ಉತ್ಕರ್ಷಣದ ಹಾನಿಯಿಂದ ರಕ್ಷಿಸುವ ಕಿಣ್ವವಾಗಿದೆ. ಆನುವಂಶಿಕವಾಗಿ ಈ ಕಿಣ್ವದ ಕೊರತೆ ಇರುವವರಲ್ಲಿ ಪ್ರಿಮಾಕ್ವಿನ್‌ನಂತಹ ಔಷಧಿಗಳು, ಫಾವಾ ಅವರೆ ಅಥವಾ ಸೋಂಕುಗಳು ಕೆಂಪು ರಕ್ತಕಣಗಳ ನಾಶಕ್ಕೆ ಕಾರಣವಾಗಬಹುದು. ಪುರುಷರಲ್ಲಿ ಈ ಕೊರತೆಯನ್ನು ಸರಳ ಪರೀಕ್ಷೆಯಿಂದ ಗುರುತಿಸಬಹುದು. ಮಹಿಳೆಯರಲ್ಲಿ ಅದೇ ಪರೀಕ್ಷೆಯು ಕೆಲವೊಮ್ಮೆ ತಪ್ಪಾಗಿ ಸಹಜ ಫಲಿತಾಂಶವನ್ನು ನೀಡುತ್ತದೆ.

ಆನುವಂಶಿಕ ಹಿನ್ನೆಲೆ

ಜಿ6ಪಿಡಿ ವಂಶವಾಹಿಯು ಎಕ್ಸ್ ವರ್ಣತಂತುವಿನಲ್ಲಿದೆ. ಪುರುಷರಲ್ಲಿ ಒಂದೇ ಎಕ್ಸ್ ವರ್ಣತಂತು ಇರುವುದರಿಂದ ಅವರಲ್ಲಿ ಕಿಣ್ವವು ಸಹಜವಾಗಿರುತ್ತದೆ ಅಥವಾ ಕೊರತೆಯಾಗಿರುತ್ತದೆ. ಮಹಿಳೆಯರಲ್ಲಿ ಎರಡು ಪ್ರತಿಗಳಿರುತ್ತವೆ. ಒಂದು ಸಮುದಾಯದ ಪುರುಷರಲ್ಲಿ ಶೇ. 10ರಷ್ಟು ಮಂದಿಗೆ ಕೊರತೆ ಇದ್ದರೆ, ಎರಡೂ ಪ್ರತಿಗಳು ದೋಷಯುಕ್ತವಾಗಿರುವ ಮಹಿಳೆಯರು ಸುಮಾರು ಶೇ. 1ರಷ್ಟು ಹಾಗೂ ಒಂದು ಪ್ರತಿ ಮಾತ್ರ ದೋಷಯುಕ್ತವಾಗಿರುವವರು ಸುಮಾರು ಶೇ. 18ರಷ್ಟು ಇರುತ್ತಾರೆ ಎಂದು ಲೆಕ್ಕ ಹಾಕಬಹುದು.

ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದು ಯಾದೃಚ್ಛಿಕವಾಗಿ ನಿಷ್ಕ್ರಿಯಗೊಳ್ಳುತ್ತದೆ ಎಂದು ಮೇರಿ ಲಯನ್ 1961ರಲ್ಲಿ ಪ್ರತಿಪಾದಿಸಿದರು. 1962ರಲ್ಲಿ ಅರ್ನೆಸ್ಟ್ ಬ್ಯೂಟ್ಲರ್ ಮತ್ತು ಸಹೋದ್ಯೋಗಿಗಳು ಒಂದು ದೋಷಯುಕ್ತ ಪ್ರತಿಯುಳ್ಳ ಮಹಿಳೆಯರ ರಕ್ತದಲ್ಲಿ ಸಹಜ ಮತ್ತು ಕೊರತೆಯ ಕಣಗಳು ಬೆರೆತಿರುವುದನ್ನು ತೋರಿಸಿದರು. ಈ ಕಣಗಳ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ.

ಪರೀಕ್ಷಾ ವಿಧಾನಗಳು

ಪ್ರತಿದೀಪ್ತಿ ಚುಕ್ಕೆ ಪರೀಕ್ಷೆ: ರಕ್ತವನ್ನು ಗ್ಲುಕೋಸ್-6-ಫಾಸ್ಫೇಟ್ ಮತ್ತು ಎನ್‌ಎಡಿಪಿ ಇರುವ ದ್ರಾವಣದೊಂದಿಗೆ ಬೆರೆಸಿ, ಸೋಸುಕಾಗದದ ಮೇಲೆ ಹಾಕಿ ನೇರಳಾತೀತ ಬೆಳಕಿನಲ್ಲಿ ನೋಡಲಾಗುತ್ತದೆ. ಕಿಣ್ವವಿದ್ದರೆ ಎನ್‌ಎಡಿಪಿಎಚ್ ಉಂಟಾಗಿ ಚುಕ್ಕೆ ಹೊಳೆಯುತ್ತದೆ. ಕಿಣ್ವದ ಚಟುವಟಿಕೆ ಸುಮಾರು ಶೇ. 30ಕ್ಕಿಂತ ಕಡಿಮೆ ಇದ್ದರೆ ಮಾತ್ರ ಕೊರತೆಯು ವಿಶ್ವಾಸಾರ್ಹವಾಗಿ ಕಂಡುಬರುತ್ತದೆ. ಮಧ್ಯಮ ಮಟ್ಟದ ಚಟುವಟಿಕೆಯುಳ್ಳ ಅನೇಕ ಮಹಿಳೆಯರು ಇದರಲ್ಲಿ ಸಹಜವೆಂದು ತೋರುತ್ತಾರೆ.

ಪ್ರಮಾಣಾತ್ಮಕ ಪರೀಕ್ಷೆ: ಎನ್‌ಎಡಿಪಿಎಚ್ ಉತ್ಪತ್ತಿಯ ವೇಗವನ್ನು 340 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆದು, ಪ್ರತಿ ಗ್ರಾಂ ಹಿಮೋಗ್ಲೋಬಿನ್‌ಗೆ ಎಷ್ಟು ಯೂನಿಟ್ ಎಂದು ವರದಿ ಮಾಡಲಾಗುತ್ತದೆ. ಶೇಕಡಾ ಲೆಕ್ಕಕ್ಕೆ ಕೊರತೆಯಿಲ್ಲದ ಪುರುಷರ ಮಧ್ಯಾಂಕವನ್ನು ಶೇ. 100 ಎಂದು ಪರಿಗಣಿಸುವುದು ರೂಢಿ. ಶೇ. 30ರಿಂದ 70ರವರೆಗಿನ ಮಟ್ಟವನ್ನು ಮಧ್ಯಮ ಎನ್ನಲಾಗುತ್ತದೆ.

ಕಣಮಟ್ಟದ ಪರೀಕ್ಷೆ: ವಿಶೇಷ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಅಥವಾ ಫ್ಲೋ ಸೈಟೋಮೆಟ್ರಿಯಿಂದ ಕೊರತೆಯ ಕಣಗಳ ಪಾಲನ್ನು ನೇರವಾಗಿ ಎಣಿಸಬಹುದು. ಆದರೆ ಇದು ಎಲ್ಲೆಡೆ ಲಭ್ಯವಿಲ್ಲ.

ಡಿಎನ್‌ಎ ಪರೀಕ್ಷೆ: ಭಾರತದಲ್ಲಿ ಕಂಡುಬರುವ ಮೆಡಿಟರೇನಿಯನ್, ಒರಿಸ್ಸಾ, ಕೇರಳ-ಕಲ್ಯಾಣ್ ಮೊದಲಾದ ರೂಪಾಂತರಗಳನ್ನು ಇದು ಗುರುತಿಸುತ್ತದೆ. ದೋಷಯುಕ್ತ ಪ್ರತಿ ಇದೆಯೇ ಎಂಬುದು ಇದರಿಂದ ತಿಳಿಯುತ್ತದೆಯೇ ಹೊರತು ಎಷ್ಟು ಕಣಗಳಲ್ಲಿ ಕೊರತೆಯಿದೆ ಎಂಬುದು ತಿಳಿಯುವುದಿಲ್ಲ.

ಫಲಿತಾಂಶದ ಮಿತಿಗಳು

ಒಟ್ಟು ಚಟುವಟಿಕೆ ಶೇ. 50 ಇರುವ ಮಹಿಳೆಯಲ್ಲಿ ಪ್ರತಿ ಕಣದಲ್ಲೂ ಅರ್ಧದಷ್ಟು ಕಿಣ್ವ ಇರುತ್ತದೆ ಎಂದು ಅರ್ಥವಲ್ಲ. ಸುಮಾರು ಅರ್ಧದಷ್ಟು ಕಣಗಳಲ್ಲಿ ಕಿಣ್ವವು ತೀರಾ ಕಡಿಮೆ ಇರಬಹುದು ಮತ್ತು ಔಷಧಿಯಿಂದ ಆ ಕಣಗಳು ನಾಶವಾಗಬಹುದು. ರಕ್ತನಾಶವಾದ ಕೂಡಲೇ ಪರೀಕ್ಷಿಸಿದರೆ ಕೊರತೆಯ ಕಣಗಳು ಆಗಲೇ ಕಳೆದುಹೋಗಿ, ಹೆಚ್ಚು ಕಿಣ್ವವುಳ್ಳ ಎಳೆಯ ಕಣಗಳು ಹೆಚ್ಚಿರುವುದರಿಂದ ಫಲಿತಾಂಶ ಸಹಜವೆಂದು ತೋರಬಹುದು. ಆದ್ದರಿಂದ ಕೆಲವು ತಿಂಗಳ ಬಳಿಕ ಪರೀಕ್ಷೆಯನ್ನು ಪುನಃ ಮಾಡಬೇಕಾಗುತ್ತದೆ. ಇತ್ತೀಚಿನ ರಕ್ತಪೂರಣವೂ ಫಲಿತಾಂಶವನ್ನು ಬದಲಿಸುತ್ತದೆ.

ವೈದ್ಯಕೀಯ ಮಹತ್ವ

ವೈವ್ಯಾಕ್ಸ್ ಮಲೇರಿಯಾ ಮರುಕಳಿಸದಂತೆ ಪ್ರಿಮಾಕ್ವಿನ್ ನೀಡಲಾಗುತ್ತದೆ. ದಿನವೂ ನೀಡುವ ಈ ಔಷಧಿಯಲ್ಲಿ ರಕ್ತನಾಶದ ಲಕ್ಷಣ ಕಂಡರೆ ನಿಲ್ಲಿಸಲು ಅವಕಾಶವಿದೆ. 2018ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಟಫೆನೋಕ್ವಿನ್ ಒಂದೇ ಡೋಸಿನಲ್ಲಿ ದೀರ್ಘಕಾಲ ದೇಹದಲ್ಲಿ ಉಳಿಯುವುದರಿಂದ, ಕಿಣ್ವದ ಚಟುವಟಿಕೆ ಶೇ. 70ಕ್ಕಿಂತ ಹೆಚ್ಚಿರುವುದು ಖಚಿತವಾದವರಿಗೆ ಮಾತ್ರ ಅದನ್ನು ನೀಡಲಾಗುತ್ತದೆ. ಇದರಿಂದಾಗಿ ಮಹಿಳೆಯರಲ್ಲಿ ಪ್ರಮಾಣಾತ್ಮಕ ಪರೀಕ್ಷೆ ಅನಿವಾರ್ಯವಾಗಿದೆ. ಭ್ರೂಣದ ಕಿಣ್ವಸ್ಥಿತಿ ತಿಳಿಯದ ಕಾರಣ ಗರ್ಭಿಣಿಯರಿಗೆ ಎರಡೂ ಔಷಧಿಗಳನ್ನು ನೀಡುವುದಿಲ್ಲ.