ನಕ್ಷತ್ರ ವಿಕಾಸ: ಕರ್ನಾಟಕದಲ್ಲಿ ಅಧ್ಯಯನದ ಚರಿತ್ರೆ

ಅನಿಲ ಮತ್ತು ದೂಳಿನ ಮೋಡದಿಂದ ಹುಟ್ಟುವ ನಕ್ಷತ್ರ ತನ್ನ ಒಡಲಿನ ಹೈಡ್ರೊಜನ್ನನ್ನು ಹೀಲಿಯಮ್ ಆಗಿಸುತ್ತ ಬೆಳಗುತ್ತದೆ. ಇಂಧನ ತೀರಿದ ಮೇಲೆ ಅದು ಶ್ವೇತಕುಬ್ಜ, ನ್ಯೂಟ್ರಾನ್ ನಕ್ಷತ್ರ ಅಥವಾ ಕೃಷ್ಣವಿವರವಾಗಿ ಉಳಿಯುತ್ತದೆ. ಈ ಇಡೀ ಬಾಳುವೆಗೆ ನಕ್ಷತ್ರ ವಿಕಾಸ ಎಂದು ಹೆಸರು. ಯಾವ ನಕ್ಷತ್ರ ಎಷ್ಟು ಕಾಲ ಬದುಕಿ ಹೇಗೆ ಸಾಯುತ್ತದೆ ಎಂಬುದನ್ನು ಮುಖ್ಯವಾಗಿ ಅದರ ರಾಶಿ ತೀರ್ಮಾನಿಸುತ್ತದೆ. ಸೂರ್ಯನಂಥದ್ದಕ್ಕೆ ಸುಮಾರು 1,000 ಕೋಟಿ ವರ್ಷ ಆಯುಸ್ಸು. ಅದರ 20 ಪಟ್ಟು ತೂಗುವ ನಕ್ಷತ್ರ ಒಂದು ಕೋಟಿ ವರ್ಷದ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಈ ಶಾಸ್ತ್ರಕ್ಕೆ ಕರ್ನಾಟಕದಿಂದ ಸಂದ ಕಾಣಿಕೆಯಲ್ಲಿ ಗಟ್ಟಿಯಾದ ಭಾಗ ನಕ್ಷತ್ರದ ಹುಟ್ಟಿಗಿಂತ ಅದರ ಸಾವಿನ ನಂತರದ ಕಥೆಗೆ ಸೇರಿದ್ದು.

ಹಳೆಯ ಮೈಸೂರು ಸೀಮೆಯ ಬೇಸಾಯಗಾರರು ಮಳೆಗಳನ್ನು ಗುರುತಿಸುವುದು ನಕ್ಷತ್ರಗಳ ಹೆಸರಿನಿಂದ. ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಾಗಲಿ ಮಳವಳ್ಳಿಯ ಕಡೆಯಲ್ಲಾಗಲಿ ಜೂನ್ ಕೊನೆಯ ವಾರದ ಮಳೆ ಆರಿದ್ರೆ ಮಳೆ, ಅಕ್ಟೋಬರ್‌ನದು ಚಿತ್ತೆ, ಅದರ ಹಿಂದೆಯೇ ಸ್ವಾತಿ. ಖಗೋಳ ವಿಜ್ಞಾನದ ಕಣ್ಣಿಗೆ ಈ ಮೂರೂ ನಕ್ಷತ್ರಗಳು ಬಾಳಿನ ಬೇರೆಬೇರೆ ಘಟ್ಟದಲ್ಲಿವೆ. ಸ್ವಾತಿ ನಡುವಿನ ಹೈಡ್ರೊಜನ್ ಮುಗಿಸಿಕೊಂಡು ಉಬ್ಬಿದ ದೈತ್ಯ. ಚಿತ್ತೆ ಎರಡು ಬಿಸಿ ನಕ್ಷತ್ರಗಳ ಜೋಡಿ. ಅದರಲ್ಲಿ ದೊಡ್ಡದು ಮುಂದೊಮ್ಮೆ ಸೂಪರ್ನೋವಾ ಆಗಿ ಸಿಡಿಯುವಷ್ಟು ಭಾರವಿದೆ. ಆರಿದ್ರೆಯದಂತೂ ಮುಪ್ಪಿನ ಕೊನೆಯ ಘಟ್ಟ. ಇನ್ನೊಂದು ಲಕ್ಷ ವರ್ಷದೊಳಗೆ ಅದು ಸ್ಫೋಟಿಸಬಹುದೆಂದು ಅಂದಾಜು. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಅದು ಬರಿಗಣ್ಣಿಗೂ ತಿಳಿಯುವಷ್ಟು ಮಂಕಾದಾಗ ಕಾಲ ಬಂತೇನೋ ಎಂದು ಹಲವರು ಕಾದರು. ಅದು ನಕ್ಷತ್ರವೇ ಉಗುಳಿದ ದೂಳಿನ ಮರೆ ಎಂದು ಆಮೇಲೆ ತಿಳಿಯಿತು. ಅಂದಹಾಗೆ, ಆರಿದ್ರೆ ಮಳೆ ಸುರಿಯುವ ದಿನಗಳಲ್ಲಿ ಆರಿದ್ರೆ ನಕ್ಷತ್ರ ಕಾಣುವುದಿಲ್ಲ. ಸೂರ್ಯ ಅದರ ನೆರೆಯಲ್ಲಿದ್ದು, ಎರಡೂ ಒಟ್ಟಿಗೇ ಹುಟ್ಟಿ ಮುಳುಗುತ್ತವೆ. ಅದನ್ನು ನೋಡಬೇಕೆಂದರೆ ಸಂಕ್ರಾಂತಿ ಹೊತ್ತಿನ ಸಂಜೆ ಪೂರ್ವಕ್ಕೆ ತಿರುಗಬೇಕು.

ಆಧುನಿಕ ವೀಕ್ಷಣೆಯ ಬೇರು ಮದರಾಸಿನಲ್ಲಿದೆ. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ ಅಲ್ಲಿನ ವೀಕ್ಷಣಾಲಯದ ಪರಂಪರೆ 1899ರಲ್ಲಿ ಕೊಡೈಕೆನಾಲಿಗೆ ಸಾಗಿ, 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ, ಆಮೇಲೆ ಬೆಂಗಳೂರಿನಲ್ಲಿ ನೆಲೆಯಾಯಿತು. ಸಂಸ್ಥೆಯನ್ನು ಕಟ್ಟಿದ ವೇಣು ಬಾಪು 1957ರಲ್ಲೇ ಓಲಿನ್ ವಿಲ್ಸನ್ ಜೊತೆ ಒಂದು ನಿಯಮವನ್ನು ಪ್ರಕಟಿಸಿದ್ದರು: ತಂಪು ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಮ್ಮಿನ ಹೊಳೆಯುವ ಗೆರೆ ಎಷ್ಟು ಅಗಲವೋ ನಕ್ಷತ್ರದ ನಿಜವಾದ ಕಾಂತಿ ಅಷ್ಟು ಹೆಚ್ಚು. ನಿಜ ಕಾಂತಿ ಗೊತ್ತಾದರೆ ದೂರ ಗೊತ್ತಾಗುತ್ತದೆ. ಮುಪ್ಪಾದ ದೈತ್ಯ ನಕ್ಷತ್ರಗಳನ್ನು ಅಳೆಯಲು ಇದೊಂದು ಒಳ್ಳೆಯ ಅಳತೆಗೋಲಾಯಿತು.

ಬಾಪು ದೊಡ್ಡ ದೂರದರ್ಶಕಕ್ಕೆ ಆರಿಸಿದ ಜಾಗ ತಮಿಳುನಾಡಿನ ಜವ್ವಾದು ಬೆಟ್ಟದ ಕಾವಲೂರು. ಅದರ ಅಕ್ಷಾಂಶ 12 ಡಿಗ್ರಿ 34 ಮಿನಿಟು ಉತ್ತರ, ಹೆಚ್ಚುಕಡಿಮೆ ಮದ್ದೂರಿನದೇ. ಕಾವಲೂರಿನ ನೆತ್ತಿಯ ಮೇಲೆ ಹಾಯುವ ನಕ್ಷತ್ರ ಏಳು ನಿಮಿಷದ ನಂತರ ಮದ್ದೂರಿನ ನೆತ್ತಿಗೆ ಬರುತ್ತದೆ. ಆಯ್ಕೆಗೆ ಕಾರಣ ದಕ್ಷಿಣದ ಆಕಾಶ. ಕ್ಷೀರಪಥದ ಕೇಂದ್ರ ಇಲ್ಲಿ 48 ಡಿಗ್ರಿ ಎತ್ತರಕ್ಕೆ ಏರುತ್ತದೆ. ಲಂಡನ್ನಿನಲ್ಲಿ ಅದು ದಿಗಂತ ಬಿಟ್ಟು ಮೇಲೇಳುವುದೇ ಕಷ್ಟ. 1987ರ ಫೆಬ್ರವರಿಯಲ್ಲಿ ನೆರೆಯ ಗ್ಯಾಲಕ್ಸಿಯಾದ ದೊಡ್ಡ ಮೆಜಲಾನಿಕ್ ಮೋಡದಲ್ಲಿ ಸೂಪರ್ನೋವಾ ಸಿಡಿದಾಗ, ಅಂದರೆ ಸುಮಾರು ನಾಲ್ಕು ಶತಮಾನದಲ್ಲಿ ಬರಿಗಣ್ಣಿಗೆ ಕಂಡ ಮೊದಲ ಸೂಪರ್ನೋವಾ ಒದಗಿದಾಗ, ಕಾವಲೂರಿನವರು ಅದರ ರೋಹಿತ ಹಿಡಿದರು. ದಿಗಂತದಿಂದ ಅದು ಏರಿದ್ದು ಎಂಟೇ ಡಿಗ್ರಿ. ಯುರೋಪಿನ ನೆಲದ ಯಾವ ವೀಕ್ಷಣಾಲಯದಿಂದಲೂ ಅದು ಕಾಣುವಂತಿರಲಿಲ್ಲ. ಆದರೆ ಈ ಅಕ್ಷಾಂಶಕ್ಕೆ ದಂಡವೂ ಉಂಟು. ಕ್ಷೀರಪಥದ ಕೇಂದ್ರ ನಡುರಾತ್ರಿ ಉತ್ತುಂಗಕ್ಕೆ ಬರುವ ಜೂನ್, ಜುಲೈ ತಿಂಗಳುಗಳಲ್ಲಿ ಆಕಾಶ ಮುಂಗಾರಿನ ಪಾಲು.

ಸಿದ್ಧಾಂತದ ಕಡೆಯಲ್ಲಿ ಎಲ್ಲಕ್ಕೂ ಬುನಾದಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಮಿತಿ. ಒಂದು ಮಿತಿಗಿಂತ (ಇಂದಿನ ಲೆಕ್ಕದಲ್ಲಿ ಸೂರ್ಯನ ಸುಮಾರು 1.4 ಪಟ್ಟು) ಹೆಚ್ಚು ರಾಶಿಯ ಶ್ವೇತಕುಬ್ಜ ನಿಲ್ಲಲಾರದು ಎಂದು ಅವರು ಲೆಕ್ಕ ಹಾಕಿದ್ದು 1930ರಲ್ಲಿ, ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ. 1935ರಲ್ಲಿ ಹಿರಿಯ ಖಗೋಳ ವಿಜ್ಞಾನಿ ಎಡಿಂಗ್ಟನ್ ತುಂಬಿದ ಸಭೆಯಲ್ಲಿ ಅದನ್ನು ತಳ್ಳಿಹಾಕಿದರು. ನೊಬೆಲ್ ಬಂದದ್ದು 1983ರಲ್ಲಿ. ಕನ್ನಡ ಓದುಗರಿಗೆ ಈ ಕಥೆ ವಿವರವಾಗಿ ಸಿಕ್ಕಿದ್ದು ಜಿ.ಟಿ. ನಾರಾಯಣ ರಾವ್ ಅವರಿಂದ. ಮಡಿಕೇರಿಯಲ್ಲಿ ಹುಟ್ಟಿದ, ಗಣಿತದ ಮೇಷ್ಟರಾಗಿದ್ದ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನ ವಿಭಾಗದ ಸಂಪಾದಕರಾಗಿದ್ದ ಅವರು ಚಂದ್ರಶೇಖರರ ಜೀವನವನ್ನೂ 'ಕೃಷ್ಣವಿವರಗಳು' ಪುಸ್ತಕವನ್ನೂ ಬರೆದರು. ಕನ್ನಡದಲ್ಲಿ ನಕ್ಷತ್ರದ ಸಾವನ್ನು ಗಣಿತದ ಶಿಸ್ತು ಬಿಡದೆ ಹೇಳಬಹುದೆಂದು ತೋರಿಸಿದವರಲ್ಲಿ ಅವರು ಮುಂಚೂಣಿಯವರು.

ಸತ್ತ ನಕ್ಷತ್ರಗಳ ಅಧ್ಯಯನಕ್ಕೆ ಬೆಂಗಳೂರಿಗೆ ಜಗತ್ತಿನಲ್ಲಿ ಹೆಸರು ತಂದವರು ಸಿ.ವಿ. ರಾಮನ್ ಅವರ ಮಗ, ಮೈಸೂರು ವಿಶ್ವವಿದ್ಯಾನಿಲಯದ ಪದವೀಧರ ವಿ. ರಾಧಾಕೃಷ್ಣನ್. ಕೇಂಬ್ರಿಜ್‌ನಲ್ಲಿ ಜೋಸಲಿನ್ ಬೆಲ್ ಮೊದಲ ಪಲ್ಸಾರನ್ನು, ಅಂದರೆ ನಿಯತವಾಗಿ ಮಿಡಿಯುವ ರೇಡಿಯೊ ಆಕರವನ್ನು, ಗುರುತಿಸಿದ್ದು 1967ರಲ್ಲಿ. ಪಲ್ಸಾರುಗಳು ತಿರುಗುವ ನ್ಯೂಟ್ರಾನ್ ನಕ್ಷತ್ರಗಳೇ ಅಲ್ಲವೇ ಎಂಬ ವಾದ ಇನ್ನೂ ಬಿಸಿಯಿದ್ದಾಗ ರಾಧಾಕೃಷ್ಣನ್ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕವನ್ನು ವೇಲಾ ಪಲ್ಸಾರಿನತ್ತ ತಿರುಗಿಸಿದ್ದರು. ಇದು ಸೆಕೆಂಡಿಗೆ ಹನ್ನೊಂದು ಸಲ ಮಿಡಿಯುತ್ತದೆ. ಒಂದೊಂದು ಮಿಡಿತದ ಒಳಗೂ ರೇಡಿಯೊ ಅಲೆಯ ಧ್ರುವೀಕರಣದ ದಿಕ್ಕು ನುಣುಪಾಗಿ ಹೊರಳುವುದನ್ನು ಅವರು ಕಂಡರು. 1969ರಲ್ಲಿ ಡಿ.ಜೆ. ಕುಕ್ ಜೊತೆ ಬರೆದ ಲೇಖನದಲ್ಲಿ ಕೊಟ್ಟ ವಿವರಣೆ ಸರಳ: ಕಿರಣ ಹೊಮ್ಮುವುದು ನಕ್ಷತ್ರದ ಕಾಂತಧ್ರುವದ ಬಳಿ, ನಕ್ಷತ್ರ ತಿರುಗಿದಂತೆ ಧ್ರುವದಿಂದ ಹರಡಿದ ಕಾಂತರೇಖೆಗಳು ನಮ್ಮ ನೋಟದ ಗೆರೆಯನ್ನು ದಾಟುತ್ತ ಹೋಗುವುದರಿಂದ ದಿಕ್ಕು ಹೊರಳುತ್ತದೆ. ಪಲ್ಸಾರಿನ ಕಾಂತಧ್ರುವ ಅದರ ಅಕ್ಷಕ್ಕೆ ಎಷ್ಟು ವಾಲಿದೆ ಎಂದು ಅಳೆಯಲು ಇಂದಿಗೂ ಇದೇ ಮಾದರಿ ಬಳಕೆಯಲ್ಲಿದೆ. ಅದೇ ವರ್ಷ ಫೆಬ್ರವರಿ ಕೊನೆಯ ಹೊತ್ತಿಗೆ ವೇಲಾ ಇದ್ದಕ್ಕಿದ್ದಂತೆ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ವೇಗ ಹೆಚ್ಚಿಸಿಕೊಂಡಿತು. ರಾಧಾಕೃಷ್ಣನ್ ಮತ್ತು ಅವರ ಸಹ ಸಂಶೋಧಕ ಮ್ಯಾಂಚೆಸ್ಟರ್ ಅದನ್ನು ವರದಿ ಮಾಡಿದರು. ನ್ಯೂಟ್ರಾನ್ ನಕ್ಷತ್ರದ ಒಡಲಲ್ಲಿ ಘರ್ಷಣೆಯಿಲ್ಲದೆ ಹರಿಯುವ ಅತಿದ್ರವ ಇದೆಯೆಂಬ ಊಹೆಗೆ ಬಲ ಬಂದದ್ದು ಇಂಥ ಜಿಗಿತಗಳಿಂದ.

1972ರಲ್ಲಿ ರಾಧಾಕೃಷ್ಣನ್ ರಾಮನ್ ಸಂಶೋಧನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಮರಳಿದರು. ಹತ್ತು ವರ್ಷದ ಮೇಲೆ, 1982ರಲ್ಲಿ, ಸೆಕೆಂಡಿಗೆ 642 ಸುತ್ತು ತಿರುಗುವ ಪಲ್ಸಾರೊಂದು ಪತ್ತೆಯಾದ ಸುದ್ದಿ ಬಂತು. ಪಲ್ಸಾರುಗಳು ವಯಸ್ಸಾದಂತೆ ನಿಧಾನವಾಗುತ್ತವೆ. 1054ರಲ್ಲಿ ಸಿಡಿದ ನಕ್ಷತ್ರದ ಉಳಿಕೆಯಾದ ಏಡಿ ನೀಹಾರಿಕೆಯ ಎಳೆಯ ಪಲ್ಸಾರೇ ಸೆಕೆಂಡಿಗೆ 30 ಸುತ್ತು. ಇಷ್ಟು ಚುರುಕಾದುದು ಹೊಸದಾಗಿ ಹುಟ್ಟಿದ್ದಿರಬೇಕು, ಆದರೆ ಸುತ್ತ ಸ್ಫೋಟದ ಕುರುಹೇ ಇರಲಿಲ್ಲ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲೇ ಉತ್ತರ ಬರೆದರು. ಇದು ಎಳೆಯದಲ್ಲ, ಮುದಿ. ಜೋಡಿಯಾಗಿದ್ದ ಇನ್ನೊಂದು ನಕ್ಷತ್ರ ಉಬ್ಬಿ ತನ್ನ ಅನಿಲವನ್ನು ಇದರ ಮೇಲೆ ಸುರಿದಿದೆ. ಸುತ್ತಿ ಬೀಳುವ ಅನಿಲ ಸತ್ತ ಪಲ್ಸಾರನ್ನು ಮತ್ತೆ ಬಿರುಸಾಗಿ ತಿರುಗಿಸಿದೆ. ಕಾಂತಕ್ಷೇತ್ರ ಸೊರಗಿರುವುದರಿಂದಲೇ ಅಷ್ಟು ವೇಗ ಸಾಧ್ಯವಾಗಿದೆ. ಇದೇ ಮಾತನ್ನು ಆಲ್ಪರ್ ಮತ್ತು ಸಂಗಡಿಗರು ಅದೇ ವರ್ಷ ಸ್ವತಂತ್ರವಾಗಿ 'ನೇಚರ್'ನಲ್ಲಿ ಹೇಳಿದರು. ಹೆಚ್ಚಿನ ಸಂಶೋಧಕರು ಉಲ್ಲೇಖಿಸುವುದು ಅದನ್ನೇ, ಪತ್ರಿಕೆಯ ಪ್ರಭಾವ ಅಂಥದ್ದು. ಆ ಪಲ್ಸಾರಿಗೆ ಈಗ ಜೊತೆಗಾರನಿಲ್ಲವಲ್ಲ ಎಂಬ ತಕರಾರು ಉಳಿದಿತ್ತು. 1988ರಲ್ಲಿ ಜೊತೆಗಾರನನ್ನು ತನ್ನ ಕಿರಣದಿಂದ ಸವೆಸುತ್ತಿರುವ ಇನ್ನೊಂದು ಪಲ್ಸಾರ್ ಸಿಕ್ಕಿತು. 1998ರಲ್ಲಿ ಅನಿಲ ನುಂಗುತ್ತಲೇ ಸೆಕೆಂಡಿಗೆ 401 ಸುತ್ತು ತಿರುಗುವ ಎಕ್ಸ್-ಕಿರಣದ ಪಲ್ಸಾರೂ ಕಂಡಿತು.

ಸಾಯುವ ನಕ್ಷತ್ರಗಳಿಗೂ ಕ್ಷೀರಪಥದ ರಚನೆಗೂ ನೇರ ನಂಟಿದೆ. ಸೂಪರ್ನೋವಾ ಆಘಾತದಲ್ಲಿ ವೇಗ ಪಡೆದ ಎಲೆಕ್ಟ್ರಾನುಗಳು ಕ್ಷೀರಪಥದ ಕಾಂತಕ್ಷೇತ್ರದಲ್ಲಿ ಸುತ್ತುತ್ತ ದೀರ್ಘ ರೇಡಿಯೊ ಅಲೆಗಳನ್ನು ಹೊಮ್ಮಿಸುತ್ತವೆ. ಇವಕ್ಕೆ ಮುಂಗಾರಿನ ಮೋಡ ಅಡ್ಡಿಯಲ್ಲ. 1970ರ ದಶಕದಲ್ಲಿ ಖಭೌತ ಸಂಸ್ಥೆ ಮತ್ತು ರಾಮನ್ ಸಂಸ್ಥೆ ಎರಡೂ ಸೇರಿ ಗೌರಿಬಿದನೂರಿನ ಬಳಿ 34.5 ಮೆಗಾಹರ್ಟ್ಸ್‌ನ ದೂರದರ್ಶಕ ಕಟ್ಟಿದವು: ಇಂಗ್ಲಿಷ್ ಟಿ ಅಕ್ಷರದಂತೆ ಬಯಲಿನಲ್ಲಿ ನೆಟ್ಟ ಸಾವಿರ ಆಂಟೆನಾಗಳು, ಪೂರ್ವ-ಪಶ್ಚಿಮಕ್ಕೆ 1.4 ಕಿಲೋಮೀಟರ್, ದಕ್ಷಿಣಕ್ಕೆ 450 ಮೀಟರ್. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಇದರಿಂದ ಆಕಾಶದ ಬಹುಭಾಗದ ನಕಾಶೆ ಪ್ರಕಟಿಸಿದರು. ಅದರಲ್ಲಿ ಕ್ಷೀರಪಥದ ತಟ್ಟೆ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ಅಡ್ಡಗಲದ ಈ ತಟ್ಟೆಯ ನಡುವಿನಿಂದ ನಾವಿರುವುದು ಸುಮಾರು 26,000 ಜ್ಯೋತಿರ್ವರ್ಷ ದೂರ.

ಇತ್ತೀಚಿನ ಕೆಲಸದಲ್ಲಿ ನೋಟ ಮೇಲೇರಿದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿರುವ ಖಭೌತ ಸಂಸ್ಥೆಯ ಕೋಣೆಯಿಂದ. 2023ರ ಮೇನಲ್ಲಿ ಸಿಡಿದ ಎಂ101 ಗ್ಯಾಲಕ್ಸಿಯ ಸೂಪರ್ನೋವಾವನ್ನು ಅದು ಹಿಂಬಾಲಿಸಿತು. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದೂ ಹೊಸಕೋಟೆಯಲ್ಲೇ. 2016ರಲ್ಲಿ ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಸಂಗಡಿಗರು ಅದರಿಂದ ಸುಮಾರು 700 ಕೋಟಿ ವರ್ಷ ಹಳೆಯದಾದ ಎನ್‌ಜಿಸಿ 188 ಗುಚ್ಛವನ್ನು ನೋಡಿದರು. ಅಲ್ಲಿ ವಯಸ್ಸಿಗೆ ಮೀರಿ ಎಳೆಯದಾಗಿ ತೋರುವ ನಕ್ಷತ್ರವೊಂದರ ಪಕ್ಕದಲ್ಲಿ 17,000 ಕೆಲ್ವಿನ್ ಬಿಸಿಯ ಜೊತೆಗಾರ ಸಿಕ್ಕಿತು. ಅದು ತನ್ನ ಹೊರಪದರ ಕಳೆದುಕೊಂಡ ನಕ್ಷತ್ರ. ಕಳೆದುಕೊಂಡದ್ದನ್ನು ಪಡೆದುಕೊಂಡದ್ದು ಪಕ್ಕದ್ದು. 1982ರ ಲೇಖನದ ಪಲ್ಸಾರಿನಂತೆ ಇಲ್ಲೂ ಜೋಡಿಯ ಒಂದು ನಕ್ಷತ್ರದ ಅನಿಲ ಇನ್ನೊಂದರ ಪಾಲಾಗಿದೆ. ವ್ಯತ್ಯಾಸವೆಂದರೆ ಇಲ್ಲಿ ಪಡೆದದ್ದು ಇನ್ನೂ ಹೈಡ್ರೊಜನ್ ಉರಿಸುತ್ತಿರುವ ನಕ್ಷತ್ರ.