ನೆಲದೊಳಗೆ ಇಳಿದ ಎಣ್ಣೆ

ಅಡಿಗೆಯಿಂದ ವಿಮಾನದವರೆಗೆ ಎಲ್ಲಕ್ಕೂ ನಮಗೆ ಇಂಧನ ಬೇಕು. ಅದನ್ನು ತುಂಬಿಟ್ಟ ಟ್ಯಾಂಕೋ ಸಾಗಿಸುವ ಕೊಳವೆಯೋ ಸೋರಿದರೆ, ಎಣ್ಣೆ ಮಣ್ಣಿನ ಸಂದುಗಳಲ್ಲಿ ಇಳಿದು ಅಂತರ್ಜಲದ ಮೇಲೆ ತೇಲುತ್ತದೆ. ಅದರಲ್ಲಿರುವ ಬೆಂಜೀನ್‌ನಂಥ ವಿಷವಸ್ತುಗಳು ನೀರಿನಲ್ಲಿ ಕರಗಿ ನೆರೆಹೊರೆಯ ಬಾವಿಗಳತ್ತ ಸರಿಯುತ್ತವೆ. ಇಂಥ ನೆಲವನ್ನು ಮತ್ತೆ ಶುದ್ಧಗೊಳಿಸುವ ವಿದ್ಯೆಯನ್ನು ಮನುಷ್ಯ ಕಲಿತದ್ದು ಬಹುಮಟ್ಟಿಗೆ ಕಳೆದ ಐವತ್ತು ವರ್ಷಗಳಲ್ಲಿ.

ಮೊದಲು ತಿಳಿದಿದ್ದ ಮುಖ್ಯ ಉಪಾಯಗಳು ಎರಡು: ಮಣ್ಣನ್ನು ಅಗೆದು ಸಾಗಿಸುವುದು, ಇಲ್ಲವೆ ಎಣ್ಣೆಯನ್ನೂ ನೀರನ್ನೂ ಪಂಪಿನಿಂದ ಎತ್ತುವುದು. ಆದರೆ ಪಾತ್ರೆಗೆ ಹಿಡಿದ ಜಿಡ್ಡಿನಂತೆ ಮಣ್ಣಿಗೆ ಅಂಟಿದ ಎಣ್ಣೆ ಪಂಪಿಗೆ ಬಗ್ಗುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯದ ಆಂಬ್ಲರ್ ಎಂಬಲ್ಲಿ ಪೆಟ್ರೋಲಿನ ಕೊಳವೆ ಸೋರಿದಾಗ ಆದದ್ದೂ ಇದೇ. ರಿಚರ್ಡ್ ರೇಮಂಡ್ ಎಂಬ ವಿಜ್ಞಾನಿ 1972ರಲ್ಲಿ ಅಲ್ಲಿ ಬೇರೆಯೇ ದಾರಿ ಹಿಡಿದರು. ಎಣ್ಣೆಯನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳು ಆ ಮಣ್ಣಿನಲ್ಲಿಯೇ ಇದ್ದವು. ಅವಕ್ಕೆ ಸಾರಜನಕ, ರಂಜಕಗಳನ್ನೂ ಗಾಳಿಯನ್ನೂ ಒದಗಿಸಿದರೆ ಸಾಕೆಂದು ಅವರು ತೋರಿಸಿದರು. 1974ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ದೊರೆಯಿತು.

ತೊಡಕಿದ್ದುದು ಆಮ್ಲಜನಕದಲ್ಲಿ. ಒಂದು ಗ್ರಾಂ ಎಣ್ಣೆ ಪೂರ್ತಿ ಕೊಳೆಯಲು ಸುಮಾರು 3 ಗ್ರಾಂ ಆಮ್ಲಜನಕ ಬೇಕು. ಗಾಳಿಯಾಡಿದ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು 8 ಮಿಲಿಗ್ರಾಂ ಮಾತ್ರ. ಹಾಗಾಗಿ ಒಂದು ಗ್ರಾಂ ಎಣ್ಣೆಗೆ 375 ಲೀಟರ್ ನೀರು ಹರಿಸಬೇಕಾಯಿತು! ಅಷ್ಟೇ ಆಮ್ಲಜನಕ ಸುಮಾರು ಹನ್ನೊಂದು ಲೀಟರ್ ಗಾಳಿಯಲ್ಲಿ ಸಿಗುತ್ತದೆ.

ಈ ಲೆಕ್ಕದ ಬೆಲೆ ಚೆನ್ನಾಗಿ ತಿಳಿದದ್ದು ಯೂಟಾ ರಾಜ್ಯದ ಹಿಲ್ ವಾಯುಪಡೆ ನೆಲೆಯಲ್ಲಿ. 1985ರ ಜನವರಿಯಲ್ಲಿ ಅಲ್ಲಿ ಸುಮಾರು ಒಂದು ಲಕ್ಷ ಲೀಟರ್ ವಿಮಾನದ ಇಂಧನ ನೆಲಕ್ಕೆ ಚೆಲ್ಲಿತ್ತು. 1988ರ ಕೊನೆಯಲ್ಲಿ, ಇಂಧನ ಆವಿಯಾಗಿ ಹೊರಬರಲೆಂದು ಮಣ್ಣಿನೊಳಗಿನ ಗಾಳಿಯನ್ನು ಎಳೆಯತೊಡಗಿದರು. ಹೊರಬಂದ ಗಾಳಿಯನ್ನು ಅಳೆದಾಗ ಆಮ್ಲಜನಕ ಕಡಿಮೆಯಾಗಿತ್ತು, ಇಂಗಾಲದ ಡೈಆಕ್ಸೈಡ್ ಹೆಚ್ಚಿತ್ತು. ನೆಲದೊಳಗೆ ಯಾರೋ ಉಸಿರಾಡುತ್ತಿದ್ದರು! ಆವಿಯಾಗಿ ಹೋಯಿತೆಂದುಕೊಂಡದ್ದರಲ್ಲಿ ಒಂದು ಪಾಲನ್ನು ಬ್ಯಾಕ್ಟೀರಿಯಾಗಳು ತಿಂದುಹಾಕಿದ್ದವು. ಗಾಳಿಯ ವೇಗ ತಗ್ಗಿಸಿ ಮಣ್ಣಿಗೆ ತೇವ ಕೊಟ್ಟಾಗ ಆ ಪಾಲು ಬಹಳ ಹೆಚ್ಚಿತು. 1992ರಿಂದ ಅಮೆರಿಕದ ವಾಯುಪಡೆ ನೂರಕ್ಕೂ ಹೆಚ್ಚು ಸ್ಥಳಗಳಲ್ಲಿ ಈ ವಿಧಾನವನ್ನು ಪರೀಕ್ಷಿಸಿತು. ಪರೀಕ್ಷೆ ಬಹು ಸರಳ: ಗಾಳಿಯನ್ನು ನಿಲ್ಲಿಸಿ, ಮಣ್ಣಿನಲ್ಲಿ ಆಮ್ಲಜನಕ ಎಷ್ಟು ಬೇಗ ಇಳಿಯುತ್ತದೆಂದು ನೋಡುವುದು, ಎಣ್ಣೆ ತಾಗದ ಪಕ್ಕದ ಮಣ್ಣಿನೊಡನೆ ಹೋಲಿಸುವುದು.

ಹಾಗಾದರೆ ಎಲ್ಲವನ್ನೂ ಬ್ಯಾಕ್ಟೀರಿಯಾಗಳಿಗೆ ಬಿಟ್ಟು ನಾವು ಕೈಕಟ್ಟಿ ಕೂಡಬಹುದೆ? ಇದಕ್ಕೆ ಉತ್ತರ ಮಿನೆಸೋಟದ ಬೆಮಿಜಿ ಪಟ್ಟಣದ ಬಳಿಯಿದೆ. 1979ರ ಆಗಸ್ಟ್ 20ರಂದು ಅಲ್ಲಿ ಕೊಳವೆ ಒಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾ ತೈಲ ಹೊರಚೆಲ್ಲಿತು. ಬಳಿದು, ಸುಟ್ಟು, ಮಣ್ಣು ತೆಗೆದ ಮೇಲೂ ಸುಮಾರು 4 ಲಕ್ಷ ಲೀಟರ್ ಉಳಿಯಿತು. 1983ರಿಂದ ಅದು ವಿಜ್ಞಾನಿಗಳ ಬಯಲು ಪ್ರಯೋಗಶಾಲೆ. ಆಮ್ಲಜನಕ ಮುಗಿದ ಮೇಲೂ ಕೆಲವು ಸೂಕ್ಷ್ಮಜೀವಿಗಳು ಮಣ್ಣಿನ ಕಬ್ಬಿಣದ ನೆರವಿನಿಂದ ಎಣ್ಣೆಯನ್ನು ಅರಗಿಸುತ್ತವೆಂದೂ, ಅದರಿಂದ ವಿಷ ಹರಡುವ ವೇಗ ತಗ್ಗುತ್ತದೆಂದೂ ಅಲ್ಲಿ ಕಂಡುಕೊಂಡರು. ಆದರೆ 1999ರಿಂದ 2004ರವರೆಗೆ ಮತ್ತೆ ಪಂಪು ಹಾಕಿದರೂ ಎಣ್ಣೆ ಪೂರ್ತಿ ಹೋಗಲಿಲ್ಲ. ನಿಸರ್ಗ ದುಡಿಯುತ್ತದೆ, ನಿಜ. ಆದರೆ ಅದು ನಮ್ಮ ಅವಸರಕ್ಕೆ ದುಡಿಯುವುದಿಲ್ಲ.

ಇದು ದೂರದ ಅಮೆರಿಕದ ಮಾತಷ್ಟೇ ಎಂದು ನಾವು ಸುಮ್ಮನಿರುವಂತಿಲ್ಲ. 2013ರಲ್ಲಿ ಚೆನ್ನೈನ ತಂಡೈಯಾರ್‌ಪೇಟೆಯಲ್ಲಿ ಕೊಳವೆ ಸೋರಿ, ಮನೆಗಳ ಬೋರ್‌ವೆಲ್ ನೀರಿನಲ್ಲಿಯೇ ಪೆಟ್ರೋಲಿಯಂ ಕಾಣಿಸಿಕೊಂಡಿತು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಾವು ಬೋರ್‌ವೆಲ್ಲನ್ನು ನಂಬಿ ಬದುಕುವ ನಗರಗಳಲ್ಲೇ ನೆಲೆಸಿದ್ದೇವೆ. ನೀರಿಗೆ ಸೀಮೆಎಣ್ಣೆಯ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಸುಮ್ಮನಿರದೆ, ಆ ನೀರನ್ನು ಬಳಸುವುದನ್ನು ಬಿಟ್ಟು ಒಡನೆ ದೂರು ಕೊಡಬೇಕು. ‘ಶುದ್ಧವಾಯಿತು’ ಎಂದು ಯಾರಾದರೂ ಹೇಳಿದರೆ, ಅಳೆದವರು ಯಾರು, ಎಲ್ಲಿ, ಎಷ್ಟು ಸಲ ಎಂದು ಕೇಳಬೇಕು. ಐವತ್ತು ವರ್ಷಗಳ ಈ ಇತಿಹಾಸ ನಮಗೆ ಕೊಟ್ಟ ಹಕ್ಕು ಅದು.